ಹೆಸರು ಬದಲಾದ ವಿಮಾನಗಳ ದಾಖಲೆ ಕಾಯ್ದವರಿಗೆ

ವಿಮಾನ ನಿರ್ವಹಣೆಯ ಕೆಲಸದಿಂದ ನಿವೃತ್ತನಾಗಿ ಕಲಬುರಗಿಗೆ ಮರಳಿದ ನನ್ನನ್ನು ಊರಿನ ಹಿರಿಯರು, ಗೆಳೆಯರು ಮನೆಗೇ ಬಂದು ಶಾಲು ಹೊದಿಸಿ ಹರಸಿದ್ದಾರೆ. ಆ ಗೌರವದಲ್ಲಿ ಪಾಲು ಇರುವ ಹಲವರು ದೂರದ ಊರುಗಳಲ್ಲಿದ್ದಾರೆ. ಅವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಎಲ್ಲರೆದುರು ಬರೆದು ಒಪ್ಪಿಸುತ್ತಿದ್ದೇನೆ.

ಹಲವು ಸಂಸ್ಥೆಗಳ ವಿಮಾನಗಳನ್ನು ಗುತ್ತಿಗೆಯ ಮೇಲೆ ನೋಡಿಕೊಳ್ಳುವ ಕಂಪನಿಯಲ್ಲಿ ನಾನಿದ್ದೆ. ಹೆಚ್ಚು ಒಡನಾಡಿದ್ದು ಐವತ್ತು ಆಸನಗಳ ಸಣ್ಣ ಜೆಟ್‌ಗಳೊಂದಿಗೆ. ಕೆನಡಾದ ಬೊಂಬಾರ್ಡಿಯರ್ ತಯಾರಿಸಿದ, ಬಾಲದ ಬಳಿ ಎರಡು ಎಂಜಿನ್‌ಗಳಿರುವ ಸಿಆರ್‌ಜೆ-200 ಅಂಥದ್ದು. ಏರ್ ಸಹಾರಾದ ಬಳಿ ಈ ವಿಮಾನಗಳಿದ್ದವು. 2007ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಆ ಸಂಸ್ಥೆಯನ್ನು 1,450 ಕೋಟಿ ರೂಪಾಯಿಗೆ ಕೊಂಡು ಜೆಟ್‌ಲೈಟ್ ಎಂದು ಹೆಸರಿಟ್ಟಿತು. ಅದೇ ವರ್ಷ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು.

ಸಂಸ್ಥೆಗಳು ಒಂದಾದಾಗ ಪ್ರಯಾಣಿಕರ ಕಣ್ಣಿಗೆ ಬೀಳುವುದು ಹೊಸ ಬಣ್ಣ. ವಿಮಾನಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಹ್ಯಾಂಗರ್‌ನಲ್ಲಿ ನಮಗೆ ಎದುರಾಗುತ್ತಿದ್ದ ಕೆಲಸವೇ ಬೇರೆ. ಎಂಜಿನ್ನಿನೊಳಗಿನ ತಿರುಗುವ ತಟ್ಟೆಗಳಿಗೆ, ಚಕ್ರಗಳನ್ನು ಹೊತ್ತ ಲ್ಯಾಂಡಿಂಗ್ ಗೇರ್‌ನ ಹಲವು ಭಾಗಗಳಿಗೆ ಇಂತಿಷ್ಟೇ ಸೈಕಲ್ ಎಂಬ ಆಯುಸ್ಸಿದೆ; ಒಮ್ಮೆ ಏರಿ ಇಳಿದರೆ ಒಂದು ಸೈಕಲ್. ತಯಾರಾದ ದಿನದಿಂದ ಈ ಲೆಕ್ಕ ಎಲ್ಲಿಯೂ ಕಡಿಯಬಾರದು. ನಡುವೆ ಒಬ್ಬ ಮಾಲೀಕನ ಕಾಲದ ಪುಟಗಳು ಸಿಗದಿದ್ದರೂ, ನೋಡಲು ಎಷ್ಟೇ ಗಟ್ಟಿಯಾಗಿದ್ದರೂ, ಆ ಭಾಗವನ್ನು ನಂಬಿ ಹಾರಿಸುವಂತಿಲ್ಲ. ಎಂಜಿನ್‌ಗಳು ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುವುದರಿಂದ ಪ್ರತಿ ಎಂಜಿನ್ನಿಗೂ ಅದರದೇ ಲಾಗ್‌ಬುಕ್ ಇರುತ್ತದೆ. ಎರಡು ಸಂಸ್ಥೆಗಳ ಕಂಪ್ಯೂಟರ್‌ಗಳು, ನಮೂನೆಗಳು, ರೂಢಿಗಳು ಹೊಂದಿಕೆಯಾಗದ ತಿಂಗಳುಗಳಲ್ಲಿ ಆ ಪುಟಗಳನ್ನು ಒಂದೊಂದಾಗಿ ತಾಳೆ ನೋಡಿದವರು ನಮ್ಮ ದಾಖಲೆ ವಿಭಾಗದ ಅಕ್ಕಂದಿರು. ಒಂದು ಸಹಿ ಅಸ್ಪಷ್ಟವಾಗಿದ್ದರೂ ಅವರು ಕಾಗದವನ್ನು ಮುಂದೆ ಬಿಡುತ್ತಿರಲಿಲ್ಲ. ಪಾನಾ ಹಿಡಿದ ನಮಗೆ ಸಿಕ್ಕಷ್ಟು ಮನ್ನಣೆ ಅವರಿಗೆ ಸಿಗಲೇ ಇಲ್ಲ. ಅಕ್ಕಂದಿರೇ, ಆ ವಿಮಾನಗಳನ್ನು ಹಾರಲು ಯೋಗ್ಯವಾಗಿ ಉಳಿಸಿದವರಲ್ಲಿ ನೀವು ಮೊದಲಿಗರು. ನಿಮಗೆ ನನ್ನ ನಮಸ್ಕಾರಗಳು.

2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಇಂಧನದ ಖರ್ಚನ್ನು ಐವತ್ತೇ ಆಸನಗಳ ಮೇಲೆ ಹಂಚಬೇಕಾದ ಸಣ್ಣ ಜೆಟ್‌ಗಳಿಗೆ ಆ ಏಟು ಬಲವಾಗಿಯೇ ಬಿತ್ತು. ಹೀಗೆ ಖರ್ಚು ಗಿಟ್ಟದೆ, ಬಾಡಿಗೆಗೆ ಪಡೆದ ವಿಮಾನವನ್ನು ಅದರ ಮಾಲೀಕರಿಗೆ ಹಿಂತಿರುಗಿಸುವಾಗಲೂ ಮೊದಲು ಕೇಳುವುದು ಅದೇ ಕಡತಗಳನ್ನು. ಅವು ಪೂರ್ಣವಾಗಿದ್ದರೆ ಮಾತ್ರ ಅದು ಬೇರೊಂದು ಹೆಸರಿನಲ್ಲಿ ಮತ್ತೆ ದುಡಿಯುತ್ತದೆ.

ಮುಂದೊಮ್ಮೆ ಕಂಪನಿಯಿಂದ ಸಂಬಳವೇ ಬಾರದ ಕಾಲ ಬಂದಾಗ ನನ್ನ ಸಂಸಾರವನ್ನು ನಡೆಸಿದ್ದು ಕಲಬುರಗಿಯೇ. ಸೂಪರ್ ಮಾರ್ಕೆಟ್ ಬಳಿಯ ಕಿರಾಣಿ ಅಂಗಡಿಯ ಸಾಹುಕಾರರು ಒಮ್ಮೆಯೂ ಕೇಳದೆ ಉದ್ರಿ ಬರೆದುಕೊಂಡರು. ಮನೆಯ ಮಾಲೀಕರು ಬಾಡಿಗೆಗೆ ಅವಸರಪಡಿಸಲಿಲ್ಲ. ನನ್ನ ಹೆಂಡತಿ ಹೊಲಿಗೆಯ ದುಡಿಮೆಯಿಂದ ಮಕ್ಕಳ ಶಾಲೆಯ ಶುಲ್ಕ ಕಟ್ಟಿದಳು. ಇವರ ಉಪಕಾರವನ್ನು ಮರೆಯಲಾರೆ.

2019ರ ನವೆಂಬರ್ 22ರಂದು ನಮ್ಮ ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಬೆಂಗಳೂರಿನಿಂದ ಸ್ಟಾರ್ ಏರ್ ಸಂಸ್ಥೆಯ ಎಂಬ್ರೇಯರ್ 145 ಬಂದಿಳಿಯಿತು. ಅದೂ ಐವತ್ತು ಆಸನಗಳ ಜೆಟ್ ಆಗಿದ್ದುದು ನನಗೆ ಅಪಾರ ಸಂತೋಷ ಕೊಟ್ಟಿತು. ದೊಡ್ಡ ವಿಮಾನವನ್ನು ತುಂಬಿಸಲಾಗದ ನಮ್ಮಂಥ ಊರುಗಳಿಗೆ ದಾರಿ ತೆರೆಯುವವು ಇಂಥ ವಿಮಾನಗಳೇ ಎಂದು ನಾನು ಬಲವಾಗಿ ನಂಬಿದ್ದೇನೆ. ಆ ನಿಲ್ದಾಣಕ್ಕೆ ಜಮೀನು ಬಿಟ್ಟುಕೊಟ್ಟ ರೈತ ಕುಟುಂಬಗಳಿಗೂ ಕೈಮುಗಿಯುತ್ತೇನೆ.

ವಿಮಾನ ನಿರ್ವಹಣೆಯ ಪರೀಕ್ಷೆಗೆ ಓದುತ್ತಿರುವ ಕಲಬುರಗಿ, ಬೀದರ್, ಯಾದಗಿರಿಯ ಮಕ್ಕಳು ನಿಸ್ಸಂಕೋಚವಾಗಿ ನಮ್ಮ ಮನೆಗೆ ಬರಬಹುದು. ಲಾಗ್‌ಬುಕ್ ಓದುವುದನ್ನು, ಆ ಅಕ್ಕಂದಿರು ನನಗೆ ಕಲಿಸಿದ ಹಾಗೆಯೇ, ಮೊದಲ ಪುಟದಿಂದ ಕಲಿಸುತ್ತೇನೆ.