ರಿವರ್ಸ್ ಹಾಕಿ ನೋಡದೆ ಗೇರ್‌ಬಾಕ್ಸ್ ಇಳಿಸಿದವರಿಗೆ

ಇಂದ:
ನಿಮ್ಮ ಜಾಬ್ ಕಾರ್ಡಿನಲ್ಲಿ ‘ಮೇಡಂ, ಮೂಡಿಗೆರೆ’ ಎಂದಷ್ಟೇ ದಾಖಲಾಗಿರುವ ಗ್ರಾಹಕಿ

ಗೆ:
ವ್ಯವಸ್ಥಾಪಕರು, ಸರ್ವಿಸ್ ವಿಭಾಗ
ಹಳೆಯ ವಿದೇಶಿ ವಾಹನಗಳ ವರ್ಕ್‌ಶಾಪ್, ಬೆಂಗಳೂರು

ವಿಷಯ: 1973ರ ಫೋಕ್ಸ್‌ವ್ಯಾಗನ್ ಟೈಪ್ 2 ಕ್ಯಾಂಪರ್ ವ್ಯಾನಿನ ಕ್ಲಚ್ ದೋಷವನ್ನು ಗೇರ್‌ಬಾಕ್ಸ್ ದೋಷವೆಂದು ಬಿಲ್ ಮಾಡಿದ್ದು, ಆಮೇಲೆ ಅದನ್ನೇ ನನ್ನ ಕಾಲಿನ ದೋಷವೆಂದು ಬರೆದದ್ದು.

ಮಾನ್ಯರೇ,

ಇದಕ್ಕೆ ಮುಂಚೆ ನಾನು ಫೋನು ಮಾಡಿದ್ದೇನೆ, ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದೇನೆ, ಮೂಡಿಗೆರೆಯಿಂದ ಬಸ್ಸು ಹತ್ತಿ ಬಂದು ನಿಮ್ಮ ರಿಸೆಪ್ಷನ್ನಿನಲ್ಲಿ ಕೂತಿದ್ದೇನೆ. ‘ಸೀನಿಯರ್ ಹತ್ರ ಮಾತಾಡಿ ಹೇಳ್ತೀವಿ ಮೇಡಂ’ ಎಂಬುದರ ಆಚೆಗೆ ಯಾರೂ ಒಂದು ಮಾತು ಆಡಿಲ್ಲ. ಆ ಸೀನಿಯರ್ ಅವರ ದರ್ಶನಭಾಗ್ಯ ಇನ್ನೂ ನನಗೆ ಒದಗಿಲ್ಲ. ಮೊನ್ನೆ ಸೋಮವಾರ ಬೆಳಿಗ್ಗೆ ನಿಮ್ಮಿಂದ ಒಂದು ಸಂದೇಶ ಬಂತು: ‘ನಿಮ್ಮ ದೂರು ಪರಿಹಾರವಾಗಿದೆ. ದಯವಿಟ್ಟು ಐದು ಸ್ಟಾರ್ ಕೊಡಿ.’ ಅದು ಬಂದ ಹೊತ್ತಿನಲ್ಲಿ ವ್ಯಾನು ನಮ್ಮ ಕಾಫಿ ಕಣದ ಪಕ್ಕ, ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿತ್ತು. ಈಗಲೂ ಅಲ್ಲೇ ನಿಂತಿದೆ. ಹಾಗಾಗಿ ಈ ಪತ್ರ. ಆದಷ್ಟು ಸಮಾಧಾನದಿಂದ ಬರೆಯಬೇಕೆಂದು ಕೂತಿದ್ದೇನೆ.

ಗಾಡಿಯ ಪರಿಚಯ ನಿಮಗೆ ಬೇಕಿಲ್ಲ. ನನ್ನನ್ನು ಕೇಳದೆಯೇ ಅದರ ಫೋಟೊವನ್ನು ನಿಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ ಹಾಕಿ ‘ನಮ್ಮ ಪರಿಣತಿ’ ಎಂದು ಬರೆದುಕೊಂಡಿದ್ದೀರಿ. ಆದರೂ ಕಡತದಲ್ಲಿರಲಿ: ಜರ್ಮನಿಯ ಹ್ಯಾನೋವರ್ ಕಾರ್ಖಾನೆಯ ಬೇ ವಿಂಡೊ ಮಾದರಿ, ಮೇಲಕ್ಕೆ ಎತ್ತುವ ಛಾವಣಿ, ಹಿಂಬದಿಯಲ್ಲಿ ಗಾಳಿಯಿಂದಲೇ ತಣಿಯುವ 1600 ಸಿಸಿ ಎಂಜಿನ್, ಮುಂದಕ್ಕೆ ನಾಲ್ಕು ಗೇರು, ಎಡಗಡೆ ಸ್ಟೀರಿಂಗ್. ದೆಹಲಿಯ ರಾಯಭಾರ ಕಚೇರಿಯೊಂದರವರು ಬಿಟ್ಟುಹೋದದ್ದನ್ನು ನಮ್ಮ ತಂದೆ ಸರ್ಕಾರಿ ಸಂಸ್ಥೆಯಾದ ಎಸ್‌ಟಿಸಿ (ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್) ಮೂಲಕ ಕೊಂಡರು. ನಾನು ಡ್ರೈವಿಂಗ್ ಕಲಿತದ್ದೇ ಅದರಲ್ಲಿ. 2021ರ ವಿಂಟೇಜ್ ನಿಯಮದಡಿ ನೋಂದಣಿ ಮಾಡಿಸಿ ಎಂದು ನಿಮ್ಮವರೇ ಸಲಹೆ ಕೊಟ್ಟಿದ್ದರು. ಹಾಗೆ ಮಾಡಿಸಿದರೆ ಪ್ರದರ್ಶನ, ರ್ಯಾಲಿ, ಇಂಧನ, ರಿಪೇರಿ ಇಂಥವಕ್ಕೆ ಬಿಟ್ಟು ಮಾಮೂಲಿ ಓಡಾಟಕ್ಕೆ ರಸ್ತೆಗೆ ಇಳಿಸುವಂತಿಲ್ಲ ಎಂಬುದನ್ನು ಹೇಳಲು ಮರೆತಿದ್ದರು. (ರಿಪೇರಿಗೆ ಅನುಮತಿ ಇದೆ ನೋಡಿ. ನಿಮ್ಮ ಗ್ರಾಹಕರಿಗೆ ಅಷ್ಟಿದ್ದರೆ ಸಾಕಲ್ಲವೇ.)

ಮೊದಲ ಸಲ ಗಾಡಿ ಬಿಟ್ಟಾಗ ನಾನು ಹೇಳಿದ್ದು ಜಾಬ್ ಕಾರ್ಡಿನಲ್ಲಿ ನನ್ನ ಕೈಬರಹದಲ್ಲೇ ಇದೆ. ನಿಮ್ಮ ಹುಡುಗ ‘ಗೇರ್ ಪ್ರಾಬ್ಲಂ’ ಎಂದು ಎರಡೇ ಪದ ಬರೆದದ್ದನ್ನು ನೋಡಿ ನಾನೇ ಪೆನ್ನು ಕೇಳಿ ಬರೆದೆ: ‘ಎಂಜಿನ್ ಆಫ್ ಇದ್ದಾಗ ನಾಲ್ಕೂ ಗೇರು, ರಿವರ್ಸ್ ಸರಾಗ ಬೀಳುತ್ತವೆ. ಎಂಜಿನ್ ಸ್ಟಾರ್ಟ್ ಆಗಿದ್ದಾಗ ಫಸ್ಟ್ ಬೀಳಲು ಒದ್ದಾಟ, ರಿವರ್ಸ್‌ನಲ್ಲಿ ಕರಕರ ಸದ್ದು. ಪೆಡಲ್ ನೆಲಕ್ಕೆ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ.’

ಹಳೆಯ ವಾಹನಗಳ ‘ಸ್ಪೆಷಲಿಸ್ಟ್’ ಎಂದು ಬೋರ್ಡು ಹಾಕಿಕೊಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. ಈ ಗೇರ್‌ಬಾಕ್ಸಿನಲ್ಲಿ ಮುಂದಿನ ನಾಲ್ಕಕ್ಕೂ ಸಿಂಕ್ರೊ (ಗೇರು ಕೂಡುವ ಮುಂಚೆ ವೇಗ ಹೊಂದಿಸುವ ರಿಂಗು) ಇದೆ, ರಿವರ್ಸ್‌ಗೆ ಇಲ್ಲ. ಆದ್ದರಿಂದ ರಿವರ್ಸ್ ಸುಳ್ಳು ಹೇಳುವುದಿಲ್ಲ. ಎಂಜಿನ್ ಐಡಲ್‌ನಲ್ಲಿರಲಿ, ಕ್ಲಚ್ ಪೂರ್ತಿ ಒತ್ತಿ, ಒಳಗಿನ ಶಾಫ್ಟ್ ತಿರುಗುವುದು ನಿಲ್ಲಲೆಂದು ಕೆಲವು ಸೆಕೆಂಡು ಕಾಯಿರಿ, ಆಮೇಲೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಬಿಡುತ್ತಿದೆ, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂಪರ್ಕ ಕಡಿಯುತ್ತಿದೆ. ಓಡುವಾಗ ಒಂದು ಗೇರಿನಲ್ಲಿ ಮಾತ್ರ ಕರಕರ ಎಂದರೆ ಆಗ ಆ ಗೇರಿನ ಸಿಂಕ್ರೊ ಮೇಲೆ ಅನುಮಾನ ಪಡಿ. ಕಾದು ಹಾಕಿದರೂ ರಿವರ್ಸ್ ಕರಕರ ಎಂದರೆ ಕ್ಲಚ್ಚೇ ಬಿಡುತ್ತಿಲ್ಲ. ಗೇರ್‌ಬಾಕ್ಸಿಗೆ ಕೈ ಹಾಕುವ ಮೊದಲು ಪೆಡಲಿನಿಂದ ಕ್ಲಚ್ ತನಕ ನೋಡಿಕೊಂಡು ಬರಬೇಕು. ಇದಕ್ಕೆ ಕಂಪ್ಯೂಟರ್ ಬೇಡ, ಸ್ಪ್ಯಾನರ್ ಕೂಡ ಬೇಡ.

ನೀವು ಮಾಡಿದ್ದೇನು? ಎಂಜಿನ್ ಇಳಿಸಿದಿರಿ, ಡ್ರೈವ್ ಶಾಫ್ಟ್ ಬಿಚ್ಚಿದಿರಿ, ಗೇರ್‌ಬಾಕ್ಸ್ ಕೆಳಗಿಳಿಸಿ ಬಿಡಿಸಿದಿರಿ. ಸಿಂಕ್ರೊ ರಿಂಗು, ಬೇರಿಂಗು, ಸೀಲು, ಲೇಬರ್ ಎಂದು ₹86,500ರ ಬಿಲ್ ಕೊಟ್ಟಿರಿ. ಎಸ್ಟಿಮೇಟಿಗೆ ನನ್ನ ಸಹಿ ಇಲ್ಲ. ನಿಮ್ಮ ಗೋಡೆಯ ಮೇಲೆ ಫ್ರೇಮ್ ಹಾಕಿಸಿ ತೂಗುಹಾಕಿರುವ ನಿಯಮಗಳಲ್ಲಿ ಮೂರನೆಯದು ಇದರ ಬಗ್ಗೆಯೇ ಇದೆ. ಬರೆಸಿದವರು ನೀವೇ ಆದ್ದರಿಂದ ನಾನು ಬಿಡಿಸಿ ಹೇಳುವುದಿಲ್ಲ. ಬಿಲ್ಲಿನಲ್ಲಿ ಜಿಎಲ್-5 ಗೇರ್ ಆಯಿಲ್ 5 ಲೀಟರ್ ಎಂದಿದೆ. ಈ ಗೇರ್‌ಬಾಕ್ಸಿಗೆ ಹಿಡಿಯುವುದೇ 3.5 ಲೀಟರ್. ಉಳಿದದ್ದು ಎಲ್ಲಿ ಹೋಯಿತೆಂದು ಕೇಳುವಷ್ಟು ಸಣ್ಣತನ ನನಗಿಲ್ಲ, ಆದರೆ ಕೇಳುತ್ತಿದ್ದೇನೆ. ಇನ್ನು ಹಿತ್ತಾಳೆಯ ಸಿಂಕ್ರೊ ರಿಂಗು ಇರುವ ಇಂಥ ಹಳೆಯ ಪೆಟ್ಟಿಗೆಗೆ ಜಿಎಲ್-4 ದರ್ಜೆಯ ಎಣ್ಣೆ ಹಾಕುವುದು ರೂಢಿ. ಹೊಸ ರಿಂಗು ಹಾಕಿದೆವು ಎಂದು ದುಡ್ಡು ತೆಗೆದುಕೊಂಡ ಕೈಯಲ್ಲೇ ಅದಕ್ಕೆ ಒಗ್ಗದ ಎಣ್ಣೆ ಸುರಿದಿದ್ದೀರಿ.

ಗಾಡಿ ಕೊಡುವಾಗ ಗೇರು ಬೀಳುತ್ತಿತ್ತು, ನಿಜ. ಅದರ ಗುಟ್ಟು ಆಮೇಲೆ ತಿಳಿಯಿತು. ಅಲ್ಲಿ ಹಿಂದುಗಡೆ, ಕ್ಲಚ್ ವೈರಿನ ತುದಿಯಲ್ಲಿರುವ ವಿಂಗ್ ನಟ್ಟನ್ನು ನಿಮ್ಮವರು ಹೋಗುವಷ್ಟೂ ಬಿಗಿದಿದ್ದರು. ಪೆಡಲಿಗೆ 10ರಿಂದ 20 ಮಿಲಿಮೀಟರ್ ಪ್ಲೇ, ಅಂದರೆ ಕ್ಲಚ್ಚಿಗೆ ತಾಗುವ ಮುಂಚಿನ ಖಾಲಿ ಚಲನೆ, ಇರಬೇಕು. ನನ್ನ ಪೆಡಲಿಗೆ ಕೂದಲೆಳೆಯಷ್ಟೂ ಇರಲಿಲ್ಲ. ಪ್ಲೇ ಇಲ್ಲವೆಂದರೆ ಪೆಡಲ್ ಒತ್ತಿದಾಗ ಮಾತ್ರ ತಾಗಬೇಕಾದ ರಿಲೀಸ್ ಬೇರಿಂಗು ಹಗಲೂ ರಾತ್ರಿ ಪ್ರೆಷರ್ ಪ್ಲೇಟಿಗೆ ಒರಗಿಕೊಂಡೇ ಇರುತ್ತದೆ, ಕ್ಲಚ್ ಪ್ಲೇಟು ಪೂರ್ತಿ ಹಿಡಿಯುವುದಿಲ್ಲ. ಧರ್ಮಸ್ಥಳಕ್ಕೆ ಹೋಗಿ ವಾಪಸು ಚಾರ್ಮಾಡಿ ಘಾಟಿ ಹತ್ತುವಾಗ ಅದು ನನ್ನ ಅನುಭವಕ್ಕೆ ಬಂತು. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಕಿರುಚುತ್ತದೆ, ಗಾಡಿ ಏಳುವುದಿಲ್ಲ. ಹಿಂದಿನಿಂದ ಸುಟ್ಟ ವಾಸನೆ. ಒಳಗೆ ನನ್ನ ಅತ್ತೆಯವರು, ಅವರಿಗೆ ಎಂಬತ್ತು ದಾಟಿದೆ. ತಿರುವಿನಲ್ಲಿ ಹಿಂದೆ ಲಾರಿಯವನ ಹಾರನ್ನು. ಘಾಟಿಯ ಬಗ್ಗೆ ಇಷ್ಟು ಸಾಕು. ಕೊಟ್ಟಿಗೆಹಾರ ಮುಟ್ಟಿದ್ದು ಹೇಗೆಂದು ದೇವರಿಗೂ ನನಗೂ ಗೊತ್ತಿದೆ.

ಈಗ ಎರಡನೇ ಭೇಟಿಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಕಡತದಲ್ಲಿ ಇದರ ಒಂದೇ ಸಾಲು ಇದೆ, ಅದೂ ಸುಳ್ಳು.

ನಿಮ್ಮ ಸರ್ವಿಸ್ ಅಡ್ವೈಸರ್ ಮೊದಲು ಬಲಗಡೆಯ ಬಾಗಿಲು ತೆರೆದು, ಹತ್ತಿ ಕೂತು, ಸ್ಟೀರಿಂಗ್ ಕಾಣದೆ ಇಳಿದರು. ನಾನು ಮಾತಾಡಲಿಲ್ಲ. ಎಡಗಡೆಯಿಂದ ಹತ್ತಿ, ಸ್ಟಾರ್ಟ್ ಕೂಡ ಮಾಡದೆ, ಪೆಡಲನ್ನು ಎರಡು ಸಲ ಕುಟ್ಟಿ ಕೇಳಿದರು:

‘ಮೇಡಂ, ಸರ್ ಬಂದಿಲ್ವಾ?’

ಯಾವ ಸರ್ ಎಂದೆ.

‘ಗಾಡಿ ಓಡಿಸೋರು.’

ಓಡಿಸುವವಳು ನಾನೇ ಎಂದೆ. ಒಂದು ‘ಓ’ ಬಂತು. ಆ ‘ಓ’ಗೆ ಸಾಕಷ್ಟು ಉದ್ದವಿತ್ತು.

‘ಹಾಗಾದ್ರೆ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರ ಅನ್ಸತ್ತೆ ಮೇಡಂ. ಲೇಡೀಸ್ ಗಾಡೀಲಿ ಇದು ಕಾಮನ್.’

ಪ್ಲೇ ಎಷ್ಟಿದೆ ನೋಡಿ ಎಂದೆ. ‘ಅದೆಲ್ಲ ನಮ್ ಟೆಕ್ನಿಷಿಯನ್ ಸೆಟ್ ಮಾಡಿರ್ತಾರೆ.’ ಮೊದಲ ಸಲ ಗೇರ್‌ಬಾಕ್ಸ್ ಇಳಿಸುವ ಮುಂಚೆ ರಿವರ್ಸ್ ಹಾಕಿ ನೋಡಿದ್ದಿರಾ ಎಂದು ಕೇಳಿದೆ. ನಕ್ಕರು. ‘ಗಾಡಿ ಮುಂದಕ್ಕೆ ತಾನೇ ಹೋಗ್ಬೇಕು ಮೇಡಂ, ರಿವರ್ಸ್ ಯಾಕೆ ನೋಡ್ಬೇಕು?’ ಪಕ್ಕದಲ್ಲಿ ಟೈರು ಉರುಳಿಸುತ್ತಿದ್ದ ಹುಡುಗನೂ ನಕ್ಕ. ಕಾಫಿ ಮೆಷಿನ್ ಹತ್ತಿರ ಕಪ್ಪು ಹಿಡಿದು ನಿಂತಿದ್ದ ಇಬ್ಬರು ಗ್ರಾಹಕರು ಈ ಕಡೆ ತಿರುಗಿದರು.

ಇಷ್ಟಕ್ಕೆ ಮುಗಿಯಲಿಲ್ಲ. ‘ಬನ್ನಿ ಮೇಡಂ, ತೋರಿಸ್ತೀನಿ’ ಎಂದು ಬೇರೆ ಯಾರದೋ ಹೊಸ ಕಾರಿನ ಬಾಗಿಲು ತೆರೆದು ನನ್ನನ್ನು ಕೂರಿಸಿದರು. ‘ಪೂರ್ತಿ ಒತ್ತಿ. ಹಾಂ. ಈಗ ನಿಧಾನಕ್ಕೆ ಬಿಡಿ. ಈಗ ಕಾಲು ತೆಗ್ದು ಪಕ್ಕಕ್ಕಿಡಿ. ಇನ್ನೊಂದ್ಸಲ.’ ನಾನು ಒತ್ತಿದೆ, ಬಿಟ್ಟೆ, ಪಕ್ಕಕ್ಕಿಟ್ಟೆ. ಯಾಕೆ ಒತ್ತಿದೆನೋ ಈಗಲೂ ಗೊತ್ತಿಲ್ಲ. ಸೀಟಿನ ಪ್ಲಾಸ್ಟಿಕ್ ಕವರ್ ಪರಪರ ಸದ್ದು ಮಾಡುತ್ತಿತ್ತು. ‘ಗುಡ್’ ಎಂದರು ನಿಮ್ಮ ಅಡ್ವೈಸರ್. ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆ ದನಿಯ ‘ಗುಡ್’ ಅನ್ನು ಮೂರನೇ ಕ್ಲಾಸಿನ ಮಕ್ಕಳಿಗೂ ನಾನು ಹೇಳಿದವಳಲ್ಲ. ಆ ಕಾರಿನದು ಹೈಡ್ರಾಲಿಕ್ ಕ್ಲಚ್. ನನ್ನದು ವ್ಯಾನಿನ ಉದ್ದಕ್ಕೂ ಕೊಳವೆಯಲ್ಲಿ ಹಾದು ಹಿಂದಕ್ಕೆ ಹೋಗುವ ವೈರು. ಆ ಪಾಠದಿಂದ ನನ್ನ ಗಾಡಿಗೆ ಏನು ತಿಳಿಯುತ್ತಿತ್ತೆಂದು ದಯವಿಟ್ಟು ಲಿಖಿತವಾಗಿ ತಿಳಿಸಿ.

ಜಾಬ್ ಕಾರ್ಡಿನಲ್ಲಿ ಬರೆದದ್ದು ಇಷ್ಟು: ‘ಡ್ರೈವರ್ ತಪ್ಪು. ಗ್ರಾಹಕರಿಗೆ ಕ್ಲಚ್ ಬಳಕೆ ತಿಳಿಸಿಕೊಡಲಾಗಿದೆ. ವಾರಂಟಿ ಅನ್ವಯಿಸುವುದಿಲ್ಲ.’

ಹಾಗೆಂದು ಹೊಸ ಕ್ಲಚ್ ಪ್ಲೇಟಿಗೆ, ರಿಲೀಸ್ ಬೇರಿಂಗಿಗೆ ಮತ್ತೆ ದುಡ್ಡು. ಹಳೆಯ ಪ್ಲೇಟಿಗೆ ‘ಆಯಿಲ್ ಹತ್ತಿದೆ’ ಎಂದೂ ಒಂದು ಕಾರಣ ಸೇರಿಸಿದ್ದೀರಿ. ಕಾಲಿನ ತಪ್ಪೋ ಆಯಿಲ್ ತಪ್ಪೋ, ಒಂದನ್ನಾದರೂ ಆರಿಸಿಕೊಳ್ಳಬಹುದಿತ್ತು. ಆಯಿಲ್ ಬಂದಿದ್ದರೆ ಎಲ್ಲಿಂದ? ಫ್ಲೈವೀಲ್ ಹಿಂದಿನ ಸೀಲಿನಿಂದ ಎಂಜಿನ್ ಆಯಿಲ್ಲೋ, ಇನ್‌ಪುಟ್ ಶಾಫ್ಟ್ ಸೀಲಿನಿಂದ ಗೇರ್ ಆಯಿಲ್ಲೋ? ಮೂಗಿದ್ದವರಿಗೆ ಎರಡರ ವಾಸನೆಯೂ ಬೇರೆ. ಎರಡನೆಯದಾದರೆ ಅದು ನೀವೇ ಹೊಸದಾಗಿ ಹಾಕಿ ಬಿಲ್ ಮಾಡಿದ ಸೀಲು. ಪುಣ್ಯಕ್ಕೆ ಹಳೆಯ ಬಿಡಿಭಾಗ ಕೇಳಿ ಇಸಕೊಂಡು ಬಂದಿದ್ದೇನೆ. ಪ್ಲೇಟು ಒಣಗಿದೆ. ಸುಟ್ಟು ಕಪ್ಪಾಗಿದೆ, ಎಣ್ಣೆಯ ಪಸೆ ಇಲ್ಲ.

ಇದಾದ ಮೇಲೆ ಮೂಡಿಗೆರೆಯಲ್ಲಿ ಗಾಡಿ ಹೊಸ ಆಟ ಶುರುಮಾಡಿತು: ಒತ್ತಿದಾಗ ಪೂರ್ತಿ ಬಿಡುವುದಿಲ್ಲ, ಬಿಟ್ಟಾಗ ಪೂರ್ತಿ ಹಿಡಿಯುವುದಿಲ್ಲ. ಗೇರು ಹಾಕಿದರೆ ಕರಕರ, ಏರು ಹತ್ತಿದರೆ ಸ್ಲಿಪ್. ತೋಟದ ಜೀಪು, ಟ್ರ್ಯಾಕ್ಟರ್ ರಿಪೇರಿ ಮಾಡುವ ನಮ್ಮೂರ ಮೇಸ್ತ್ರಿಯನ್ನು ಕರೆಸಿದೆ. ಆತ ಫೋಕ್ಸ್‌ವ್ಯಾಗನ್ ಮುಟ್ಟಿದ್ದು ಅದೇ ಮೊದಲು. ಗೋಣಿಚೀಲ ಹಾಸಿಕೊಂಡು, ಟಾರ್ಚು ಹಿಡಿದು ವ್ಯಾನಿನ ಕೆಳಗೆ ಮಲಗಿ, ‘ಅಮ್ಮಾ, ಒತ್ತಿ… ಬಿಡಿ… ಇನ್ನೊಂದ್ಸಲ ಒತ್ತಿ’ ಎಂದ. (ನೀವು ಹೇಳಿದ್ದೂ ಇದೇ ಮಾತು. ವ್ಯತ್ಯಾಸವೆಂದರೆ ಆತ ಕೆಳಗೆ ನೋಡುತ್ತಿದ್ದ.) ಆಮೇಲೆ ಒಳಗಿನಿಂದಲೇ ಹೇಳಿದ:

‘ಅಮ್ಮಾ, ನೀವು ಒತ್ತಿದ್ರೆ ಕ್ಲಚ್ ಎಳೀತಿಲ್ಲ, ಬ್ರಾಕೆಟ್ ಎಳೀತಿದೆ.’

ಗೇರ್‌ಬಾಕ್ಸಿನ ಎಡಗಡೆ, ವೈರಿನ ಹೊರಕವಚವಾದ ಬೌಡನ್ ಟ್ಯೂಬಿನ ತುದಿಯನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಬ್ರಾಕೆಟ್ ಬೆಂಡಿನಲ್ಲಿ ಸೀಳಿದೆ. ಪೆಡಲ್ ಒತ್ತಿದಾಗಲೆಲ್ಲ ಅದು ಬಾಗುತ್ತದೆ. ವೈರು ಎಳೆಯಬೇಕಾದ ದೂರವನ್ನು ಆ ಬಾಗುವಿಕೆ ನುಂಗುತ್ತದೆ, ಕ್ಲಚ್ ಬಿಡಿಸುವ ಲಿವರ್ ಅರ್ಧಕ್ಕೇ ನಿಲ್ಲುತ್ತದೆ. ಸೀಳಿನೊಳಗೆ ತುಕ್ಕು ಕೂತಿತ್ತು, ಅಂದರೆ ನಿನ್ನೆ ಮೊನ್ನೆಯದಲ್ಲ. ಗೇರ್‌ಬಾಕ್ಸ್ ಇಳಿಸಬೇಕಾದರೆ ಈ ಬ್ರಾಕೆಟ್ಟಿನಿಂದ ಟ್ಯೂಬನ್ನು ಬಿಡಿಸಲೇಬೇಕು. ಅಂದರೆ ನಿಮ್ಮ ಟೆಕ್ನಿಷಿಯನ್ ಅದನ್ನು ಕೈಯಲ್ಲಿ ಮುಟ್ಟಿ, ಬಿಡಿಸಿ, ಮತ್ತೆ ಸೀಳಿದ್ದನ್ನು ಸೀಳಿದ ಹಾಗೇ ಕೂರಿಸಿ, ಕೊರತೆ ತುಂಬಲು ವಿಂಗ್ ನಟ್ ಬಿಗಿದಿದ್ದಾರೆ. ಚಾರ್ಮಾಡಿಯ ಉದ್ದಕ್ಕೂ ಕ್ಲಚ್ ಮೇಲೆ ಕಾಲಿಟ್ಟುಕೊಂಡಿದ್ದವರು ಯಾರೆಂದು ಈಗ ಗೊತ್ತಾಯಿತೇ? ಎರಡನೇ ಸಲವೂ ಅದೇ ನಟ್, ಅದೇ ಬಿಗಿ. ಹಾಗಾಗಿ ಹೊಸ ಪ್ಲೇಟೂ ಈಗ ಜಾರಿ ಜಾರಿ ಹೊಳಪು ಹೊಡೆದು, ಹಿಡಿತ ಕಳೆದುಕೊಂಡು ಕೂತಿದೆ.

ಬ್ರಾಕೆಟ್ ವೆಲ್ಡಿಂಗಿಗೆ ಮೇಸ್ತ್ರಿ ತೆಗೆದುಕೊಂಡದ್ದು ₹400. ರಸೀದಿ ಲಗತ್ತಿಸಿದ್ದೇನೆ. ಅವನ ಅಂಗಡಿಯಲ್ಲಿ ರಸೀದಿ ಪುಸ್ತಕ ಇರಲಿಲ್ಲ, ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಸಹಿ ಹಾಕಿಕೊಟ್ಟ. ನಿಮ್ಮ ಪ್ರಿಂಟೆಡ್ ಬಿಲ್ಲಿಗಿಂತ ಅದರಲ್ಲಿ ಹೆಚ್ಚು ಸತ್ಯವಿದೆ.

ನನಗೆ ಬೇಕಾದದ್ದು: ಗೇರ್‌ಬಾಕ್ಸ್ ಕೆಲಸದ ಪೂರ್ತಿ ಹಣ, ಎರಡನೇ ಸಲದ ಕ್ಲಚ್ ಹಣ, ಈಗ ಬೇಕಾಗಿರುವ ಹೊಸ ಪ್ಲೇಟು, ಮತ್ತು ಜಾಬ್ ಕಾರ್ಡಿನ ಆ ‘ತಿಳಿಸಿಕೊಡಲಾಗಿದೆ’ ಎಂಬ ಸಾಲನ್ನು ಹೊಡೆದು ಹಾಕಿದ ಪ್ರತಿ, ನಿಮ್ಮ ಸಹಿಯೊಂದಿಗೆ. ಗಾಡಿಯನ್ನು ಮತ್ತೆ ನಿಮ್ಮಲ್ಲಿಗೆ ತರುವುದಿಲ್ಲ, ಟೋ ವ್ಯಾನ್ ಕಳಿಸುವ ಸೌಜನ್ಯ ತೋರಬೇಡಿ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆಯ ದೂರು. ನೀವು ಬೆಂಗಳೂರಿನಲ್ಲಿದ್ದೀರಿ ಎಂಬ ಧೈರ್ಯ ಬೇಡ. ಈ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾನು ಕೊಡುವುದು ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಬರಬೇಕೆಂದಿಲ್ಲ, ನಾನೇ ವಾದಿಸುತ್ತೇನೆ. ನನಗೆ ನಿವೃತ್ತಿಯಾಗಿದೆ, ಸಮಯಕ್ಕೆ ಕೊರತೆಯಿಲ್ಲ. ಪ್ರತಿ ವಾಯಿದೆಗೂ ಬೆಂಗಳೂರಿನಿಂದ ಬೆಳಗಿನ ಬಸ್ಸು ಹಿಡಿಯಬೇಕಾದವರು ನೀವು. ಸುಟ್ಟ ಪ್ಲೇಟು, ಸೀಳಿದ ಬ್ರಾಕೆಟ್ಟಿನ ಫೋಟೊ, ನನ್ನ ಕೈಬರಹದ ಜಾಬ್ ಕಾರ್ಡು ಎಲ್ಲವನ್ನೂ ಆಯೋಗದ ಮೇಜಿನ ಮೇಲೆ ಇಡುತ್ತೇನೆ. ಮೇಸ್ತ್ರಿ ಸಾಕ್ಷಿ ಹೇಳಲು ಒಪ್ಪಿದ್ದಾನೆ.

ನಿಜ ಹೇಳಬೇಕೆಂದರೆ ನೀವು ಹಣ ಕಳಿಸಿಬಿಡುತ್ತೀರೇನೋ ಎಂಬ ಭಯ ನನಗೆ ಶುರುವಾಗಿದೆ. ಕಳಿಸಿದರೂ ಆ ಅಡ್ವೈಸರ್ ಅವರನ್ನು ಒಮ್ಮೆ ಸಾಕ್ಷಿ ಕಟ್ಟೆಯಲ್ಲಿ ನಿಲ್ಲಿಸಿ, ಗಾಡಿ ಮುಂದಕ್ಕೆ ತಾನೇ ಹೋಗಬೇಕು ಎಂಬ ಮಾತನ್ನು ಅವರ ಬಾಯಿಂದಲೇ ದಾಖಲು ಮಾಡಿಸದೆ ಬಿಡುವವಳು ನಾನಲ್ಲ.

ಇತಿ,
ಗಾಡಿ ಓಡಿಸುವವಳು
ಮೂಡಿಗೆರೆ

ಲಗತ್ತು: ಎರಡೂ ಜಾಬ್ ಕಾರ್ಡು, ಎರಡೂ ಬಿಲ್ಲು, ನೋಟ್‌ಬುಕ್ ಹಾಳೆ, ಫೋಟೊಗಳು. ಪ್ಲೇಟನ್ನು ಕಳಿಸುತ್ತಿಲ್ಲ, ನಿಮ್ಮ ಕೈಗೆ ಸಿಕ್ಕರೆ ಅದಕ್ಕೂ ಆಯಿಲ್ ಹತ್ತೀತು.