ಹಲಸಿನ ಹಪ್ಪಳಕ್ಕೆ ಉದ್ದಿನ ಲೆಕ್ಕ

ಮಾನ್ಯ ಸಂಪಾದಕರಿಗೆ ನಮಸ್ಕಾರ.

‘ಪ್ಯಾಕೆಟ್ ಹಿಂದೆ ಏನು ಬರೆದಿದೆ ಅಂತ ಓದಿ ಆಮೇಲೆ ಕೊಳ್ಳಿ’ ಎಂಬ ಸಲಹೆ ನಿಮ್ಮ ಆರೋಗ್ಯ ಪುಟದಲ್ಲಿ ಆಗಾಗ ಬರುತ್ತದೆ. ಒಳ್ಳೆಯ ಸಲಹೆಯೇ. ಆದರೆ ಆ ಪ್ಯಾಕೆಟ್ ಹಿಂದೆ ಬರೆಸುವವರಲ್ಲಿ ನಾನೂ ಒಬ್ಬಳು. ಆ ಅಂಕಿಗಳು ಅಲ್ಲಿಗೆ ಹೇಗೆ ಬಂದು ಕೂರುತ್ತವೆ ಅಂತ ಹೇಳಿದರೆ ಕೆಲವರಿಗೆ ನಗು ಬರಬಹುದು, ಕೆಲವರಿಗೆ ಸಿಟ್ಟು ಬರಬಹುದು. ಎರಡೂ ಬರಲಿ ಅಂತಲೇ ಬರೆಯುತ್ತಿದ್ದೇನೆ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಹಿತ್ತಲಲ್ಲಿ ಹನ್ನೊಂದು ಹಲಸಿನ ಮರ ಇವೆ. ಅತ್ತೆಯಿಂದ ಕಲಿತ ಹಪ್ಪಳವನ್ನು ಹದಿನೆಂಟು ವರ್ಷದಿಂದ ಮಾಡಿ ಮಾರುತ್ತಿದ್ದೇನೆ. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ. ಮೊದಲೆಲ್ಲ ಸುಮ್ನೆ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಗೆ ಮೇಣದಬತ್ತಿ ಹಿಡಿದು ಅಂಟಿಸಿ, ಪೇಟೆಯ ಅಂಗಡಿಗೆ ಕೊಡುತ್ತಿದ್ದೆ. ಆಗ ಯಾರೂ ಏನೂ ಕೇಳುತ್ತಿರಲಿಲ್ಲ. ಬೆಂಗಳೂರಿನ ಒಂದು ಅಂಗಡಿಯವರು ಮಾಲು ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ‘ನ್ಯೂಟ್ರಿಷನ್ ಚಾರ್ಟ್ ಬೇಕು ಮೇಡಂ’ ಅಂದರು. ಕ್ಯಾಲೊರಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಸಕ್ಕರೆ, ಕೊಬ್ಬು, ಸೋಡಿಯಂ, ಎಲ್ಲ ಇರಬೇಕಂತೆ.

ಲೇಬಲ್ ಪ್ರಿಂಟ್ ಮಾಡುವವರ ಹತ್ತಿರ ಹೋದೆ. ಅವರು ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ‘ಹಪ್ಪಳದ್ದು ಒಂದು ಇದೆಯಲ್ಲ ಅಕ್ಕ, ಅದನ್ನೇ ಹಾಕ್ತೀನಿ’ ಅಂತ ಕಂಪ್ಯೂಟರ್‌ನಲ್ಲಿದ್ದ ಯಾವುದೋ ಚಾರ್ಟನ್ನು ಎಳೆದು ಕೂರಿಸಿದರು. ನನಗೂ ಅದು ಸರಿಯೇ ಅನ್ನಿಸಿತು. ಹಪ್ಪಳ ಅಂದರೆ ಹಪ್ಪಳ, ಅಲ್ವಾ? ಎರಡು ಸಾವಿರ ಲೇಬಲ್ ಹೊಡೆಸಿಕೊಂಡು ಬಂದೆ.

ಮೂರು ತಿಂಗಳ ಮೇಲೆ ಒಂದು ಹುಡುಗಿ ಫೋನ್ ಮಾಡಿದಳು. ಆಹಾರ ವಿಜ್ಞಾನ ಓದುತ್ತಿದ್ದಾಳಂತೆ. ‘ಆಂಟಿ, ಹಪ್ಪಳ ತುಂಬಾ ಚೆನ್ನಾಗಿದೆ. ಆದರೆ ಹಲಸಿನಲ್ಲಿ ನೂರು ಗ್ರಾಂಗೆ ಇಪ್ಪತ್ತು ಗ್ರಾಂ ಪ್ರೋಟೀನ್ ಎಲ್ಲಿಂದ ಬಂತು?’ ಅಂದಳು. ನನಗೆ ಏನೂ ಗೊತ್ತಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅದು ಉದ್ದಿನ ಹಪ್ಪಳದ ಲೆಕ್ಕ. ಉದ್ದಿನ ಬೇಳೆಯಲ್ಲಿ ನೂರು ಗ್ರಾಂಗೆ 23 ಗ್ರಾಂ ಪ್ರೋಟೀನ್ ಇರುತ್ತದೆ, ಹಲಸಿನ ತೊಳೆಯಲ್ಲಿ ಅಷ್ಟು ಇರಲು ಸಾಧ್ಯವೇ ಇಲ್ಲ. ನನ್ನ ಹಪ್ಪಳಕ್ಕೆ ಒಂದು ಕಾಳು ಉದ್ದೂ ಬಿದ್ದಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಸಾವಿರದ ನಾನೂರು ಲೇಬಲ್ ಒಲೆಗೆ ಹೋದವು. ತಪ್ಪು ಅವರದ್ದು ಎಷ್ಟೋ ನನ್ನದೂ ಅಷ್ಟೇ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಆಮೇಲೆ ಒಂದು ಲ್ಯಾಬಿಗೆ ಹಪ್ಪಳ ಕಳಿಸಿದೆ. ಒಂದು ಸ್ಯಾಂಪಲ್‌ಗೆ ಸಾವಿರಗಟ್ಟಲೆ ರೂಪಾಯಿ. ಖಾರದ ಹಪ್ಪಳಕ್ಕೆ ಬೇರೆ, ಸಪ್ಪೆಗೆ ಬೇರೆ, ಉಪ್ಪಿನಕಾಯಿಗೆ ಇನ್ನೊಂದು. ಒಂದನ್ನು ಮಾತ್ರ ಮಾಡಿಸಿ ಸುಮ್ಮನಾದೆ. ರಿಪೋರ್ಟ್ ಬಂದಾಗ ಪ್ರೋಟೀನ್, ಪ್ರಿಂಟಿನವರು ಹಾಕಿದ್ದರ ಮೂರನೇ ಒಂದು ಪಾಲೂ ಇರಲಿಲ್ಲ. ಆ ರಿಪೋರ್ಟ್ ಒಂದೇ ಹಾಳೆ, ಆದರೆ ನಾನು ಅದನ್ನು ಎಷ್ಟು ಸಲ ಓದಿದ್ದೇನೋ. ಅದರಲ್ಲಿ ಕಾರ್ಬೋಹೈಡ್ರೇಟನ್ನು ಅಳೆದೇ ಇಲ್ಲ! ನೂರರಲ್ಲಿ ನೀರು, ಪ್ರೋಟೀನ್, ಕೊಬ್ಬು, ಸುಟ್ಟ ಮೇಲೆ ಉಳಿಯುವ ಬೂದಿ ಎಲ್ಲ ಕಳೆದು ಉಳಿದದ್ದನ್ನು ಕಾರ್ಬೋಹೈಡ್ರೇಟ್ ಅಂತ ಬರೆದಿದ್ದರು. ಹಾಗೆ ಬರೆಯುವುದು ವಾಡಿಕೆಯಂತೆ. ಪ್ರೋಟೀನನ್ನೂ ನೇರವಾಗಿ ಅಳೆಯುವುದಿಲ್ಲ, ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ನಮ್ಮ ಮನೆಯವರು ಸಂತೆಯಿಂದ ಬಂದು ಜೇಬಿನ ಲೆಕ್ಕ ಒಪ್ಪಿಸುವುದೂ ಇದೇ ಥರ, ಉಳಿದದ್ದೆಲ್ಲ ಇತರೆ ಖರ್ಚು.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮ ಸುತ್ತಮುತ್ತಲಿನ ಹಳ್ಳಿಗಳಲ್ಲಿ ನನಗೆ ಗೊತ್ತಿರುವ ಹಾಗೆ ಹತ್ತು ಹನ್ನೆರಡು ಹೆಂಗಸರು ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಒಬ್ಬೊಬ್ಬರೂ ಅದೇ ಹಪ್ಪಳಕ್ಕೆ ಅದೇ ದುಡ್ಡು ಸುರಿದು ಹೆಚ್ಚು ಕಡಿಮೆ ಅದೇ ಉತ್ತರ ತರಿಸಿಕೊಳ್ಳಬೇಕೆ? ಅಥವಾ ಉದ್ದಿನ ಹಪ್ಪಳದ್ದನ್ನು ಕದಿಯಬೇಕೆ? ಒಂದು ಸಲ ಸರ್ಕಾರವೇ ಸರಿಯಾಗಿ ಪರೀಕ್ಷೆ ಮಾಡಿಸಿ, ಎಲ್ಲರೂ ನೋಡುವಂಥ ಒಂದು ಪಟ್ಟಿಯಲ್ಲಿ ಹಾಕಿದರೆ ಆಗುವುದಿಲ್ಲವೇ?

ಅಂಥ ಪಟ್ಟಿ ದೇಶಕ್ಕೆ ಇಲ್ಲವೇ ಅಂದರೆ, ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ಮಾಡಿದ್ದು. ಆ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಬಗ್ಗೆ ತಿಳಿಯಲು ಚಿಕ್ಕದಾಗಿ ಶುರುವಾಗಿ, 1958ರಲ್ಲಿ ಹೈದರಾಬಾದಿಗೆ ಹೋಯಿತು. ಕೂನೂರಿನಲ್ಲಿದ್ದಾಗಲೇ, 1937ರಲ್ಲಿ, ಆಯ್ಕ್ರಾಯ್ಡ್ ಎಂಬುವರು ನಮ್ಮ ದೇಶದ ಆಹಾರದಲ್ಲಿ ಏನೇನಿದೆ ಎಂಬ ಮೊದಲ ಪುಸ್ತಕ ತಂದರು. 1971ರಲ್ಲಿ ಗೋಪಾಲನ್ ಮತ್ತು ಜೊತೆಯವರದ್ದು ಬಂತು. ಅದು 1989ರಲ್ಲಿ ಒಂದಿಷ್ಟು ತಿದ್ದುಪಡಿಯಾಯಿತು. ಆಮೇಲೆ ಪೂರ್ತಿ ಹೊಸದಾಗಿ ಮಾಡಿದ್ದು 2017ರಲ್ಲಿ. ಅಂದರೆ ನಡುವೆ 28 ವರ್ಷ. ಅಷ್ಟರೊಳಗೆ ಗದ್ದೆಯ ಭತ್ತದ ತಳಿಯೇ ಬದಲಾಗಿರುತ್ತದೆ, ಗೊಬ್ಬರ ಬದಲಾಗಿರುತ್ತದೆ, ಅಕ್ಕಿಗೆ ಮಿಲ್ಲಿನಲ್ಲಿ ಕೊಡುವ ಪಾಲಿಶ್ ಬದಲಾಗಿರುತ್ತದೆ.

2017ರ ಪಟ್ಟಿ ನಿಜಕ್ಕೂ ದೊಡ್ಡ ಕೆಲಸ, ಅದನ್ನು ಹಗುರ ಮಾಡುವುದಿಲ್ಲ. ದೇಶವನ್ನು ಆರು ವಲಯ ಮಾಡಿ, ಸ್ಯಾಂಪಲ್ ತಂದು, 528 ಆಹಾರಗಳನ್ನು ಪರೀಕ್ಷಿಸಿದ್ದಾರೆ. ಒಂದೊಂದರ ಮುಂದೆಯೂ ಎಷ್ಟು ವಲಯದಿಂದ ತಂದದ್ದು, ಅಂಕಿ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತಲೂ ಬರೆದಿದ್ದಾರೆ. ಪ್ರಾಮಾಣಿಕ ಲೆಕ್ಕ ಅಂದರೆ ಅದು. ರಾಗಿಯಲ್ಲಿ ನೂರು ಗ್ರಾಂಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ ಇವತ್ತು ಅಂಗನವಾಡಿಯಲ್ಲಿ ಧೈರ್ಯವಾಗಿ ಹೇಳಬಹುದಾದರೆ ಅದು ಈ ಪಟ್ಟಿಯಿಂದ. ಬಿಸಿಯೂಟದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು ಅಂತ ನಿಯಮ ಇದೆಯಲ್ಲ, ಸಿಗುತ್ತಾ ಇಲ್ಲವಾ ಅಂತ ನೋಡಲೂ ಇಂಥದ್ದೊಂದು ಪಟ್ಟಿಯೇ ಬೇಕು.

ನಾನು ಮೊದಲ ಸಲ ಅದನ್ನು ನೋಡಿದಾಗ ಅಕ್ಕಿಯ ಮುಂದೆ 1491 ಅಂತ ಇತ್ತು. ಎದೆ ಧಸಕ್ ಅಂತು. ಮೂರು ಹೊತ್ತೂ ಅಕ್ಕಿ ತಿನ್ನುವ ಜನ ನಾವು. ಬೆಳಿಗ್ಗೆ ಕಡುಬು ಇಲ್ಲಾ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ನೂರು ಗ್ರಾಂಗೆ ಸಾವಿರದೈನೂರು ಕ್ಯಾಲೊರಿಯಾ ಅಂತ ಮಗನಿಗೆ ಫೋನ್ ಮಾಡಿದೆ. ‘ಅಮ್ಮಾ, ಅದು ಕಿಲೋಜೂಲ್. ಕ್ಯಾಲೊರಿ ಬೇಕಾದರೆ 4.184ರಿಂದ ಭಾಗಿಸು’ ಅಂದ. ಭಾಗಿಸಿದರೆ 356. ಉಸಿರು ಬಂತು. ಜನ ಮಾತಾಡುವುದೇ ಕ್ಯಾಲೊರಿಯಲ್ಲಿ ಅಂದಮೇಲೆ ಪಕ್ಕದಲ್ಲಿ ಅದನ್ನೂ ಒಂದು ಸಾಲು ಬರೆದರೆ ಏನು ನಷ್ಟ?

ಆ ಪಟ್ಟಿಯಲ್ಲಿ ಹಲಸಿನ ಕಾಯಿ ಇದೆ, ಬೀಜ ಇದೆ, ಹಣ್ಣು ಇದೆ. ಹಪ್ಪಳ ಇಲ್ಲ. ಅದು ಹೆಚ್ಚಾಗಿ ಹಸಿ ಪದಾರ್ಥಗಳ ಪಟ್ಟಿ. ನಾವು ತಿನ್ನುವುದು ಬೇಯಿಸಿದ್ದು, ಒಣಗಿಸಿದ್ದು, ಕರಿದದ್ದು, ಉಪ್ಪು ನೀರಲ್ಲಿ ಹಾಕಿಟ್ಟದ್ದು. ಈ ಮಧ್ಯದ ದಾರಿಯಲ್ಲಿ ಏನೇನು ಹೋಗುತ್ತದೆ, ಏನೇನು ಸೇರುತ್ತದೆ?

ಕಳಲೆಯನ್ನೇ, ಅಂದರೆ ಎಳೆ ಬಿದಿರಿನ ಮೊಳಕೆಯನ್ನೇ, ತೆಗೆದುಕೊಳ್ಳಿ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಅದಕ್ಕೇ ನಮ್ಮಲ್ಲಿ ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ ಬದಲಿಸಿ, ಆಮೇಲೆ ಬೇಯಿಸುವುದು. ಆ ನೀರಿನ ಜೊತೆ ವಿಷವೂ ಹೋಗುತ್ತದೆ, ನೀರಲ್ಲಿ ಕರಗುವ ಪೊಟ್ಯಾಸಿಯಂ, ಸಿ ವಿಟಮಿನ್ ಕೂಡ ಹೋಗುತ್ತವೆ. ನಮ್ಮ ಮನೆಯವರ ದೊಡ್ಡಪ್ಪನ ಮಗ ಡಯಾಲಿಸಿಸ್‌ನಲ್ಲಿದ್ದಾನೆ. ಪೊಟ್ಯಾಸಿಯಂ ಜಾಸ್ತಿ ಇರುವುದನ್ನು ತಿನ್ನಬೇಡಿ ಅಂತ ಅವನಿಗೆ ಹೇಳಿದ್ದಾರೆ. ‘ಮೂರು ದಿನ ನೆನೆಸಿದ ಕಳಲೆ ತಿನ್ನಬಹುದಾ ಅತ್ತಿಗೆ?’ ಅಂತ ನನ್ನ ಹೆಂಗರುಳಿನ ಅಡುಗೆ ಬುದ್ಧಿಯನ್ನು ಕೇಳಿದರೆ ನಾನೇನು ಹೇಳಲಿ? ಹಸಿಯದ್ದರ ಅಂಕಿ ಹಿಡಿದು ಹೇಳಲು ಬರುವುದಿಲ್ಲ.

ಹೆಸರಿನದ್ದು ಇನ್ನೊಂದು ಗೋಳು. ಕೆಸು ಅಂದರೆ ಯಾವ ಕೆಸು? ಬಿಳಿ ಕೆಸುವಾ, ಕರಿ ಕೆಸುವಾ, ಮಳೆಗಾಲದಲ್ಲಿ ಮರದ ಮೇಲೆ ಹುಟ್ಟುವ ಮರಗೆಸುವಾ? ಪತ್ರೊಡೆಗೆ ನಮಗೆ ಮರಗೆಸುವೇ ಆಗಬೇಕು. ಅದು ಗದ್ದೆ ಬದುವಿನ ಕೆಸುವಿನ ಜಾತಿಯೇ ಅಲ್ಲ, ಬೇರೆ ಗಿಡ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿದರೆ ನನ್ನ ಉದ್ದಿನ ಲೇಬಲ್ ಕತೆಯೇ ಆಯಿತು. ಪಟ್ಟಿ ಮಾಡುವವರು ಸೊಪ್ಪು ಕೊಯ್ಯುವವರನ್ನು ಜೊತೆಗೆ ಕೂರಿಸಿಕೊಳ್ಳಬೇಕು, ಊರಿನ ಹೆಸರನ್ನೂ ಗಿಡದ ಶಾಸ್ತ್ರೀಯ ಹೆಸರನ್ನೂ ಒಟ್ಟಿಗೆ ಬರೆಯಬೇಕು. ಉಪ್ಪಾಗೆ ಬೀಜದ ತುಪ್ಪ, ಚಗಳಿ ಇರುವೆಯ ಚಟ್ನಿ, ಒಂದೆಲಗದ ತಂಬುಳಿ, ಜೋನಿ ಬೆಲ್ಲ, ಇವುಗಳ ಬಗ್ಗೆ ವಾಟ್ಸಾಪಿನಲ್ಲಿ ಹರಿದಾಡುವ ಮಹಿಮೆಗೆ ಲೆಕ್ಕವಿಲ್ಲ. ಅಳೆದ ಅಂಕಿ ಒಂದು ಮುಂದಿದ್ದರೆ ಆ ಮಾತಿನಲ್ಲಿ ಜೊಳ್ಳೆಷ್ಟು, ಕಾಳೆಷ್ಟು ಅಂತ ಕೇರಬಹುದಿತ್ತು.

ಹಪ್ಪಳದ ಮೇಲೆ ನಾನೇ ಒಂದು ಪರೀಕ್ಷೆ ಮಾಡಿದೆ. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಹತ್ತು ಹಪ್ಪಳ ತೂಗಿದರೆ 58 ಗ್ರಾಂ. ಬಾಣಲೆಯನ್ನು ಎಣ್ಣೆ ಸಮೇತ ತೂಗಿಟ್ಟೆ. ಕರಿದೆ. ಸೋರಿದ ಎಣ್ಣೆಯನ್ನು ವಾಪಸ್ ಬಾಣಲೆಗೇ ಹಾಕಿ, ಆರಿದ ಮೇಲೆ ಮತ್ತೆ ತೂಗಿದೆ. ಎಣ್ಣೆ 19 ಗ್ರಾಂ ಕಡಿಮೆಯಾಗಿತ್ತು. ಆದರೆ ಹಪ್ಪಳ ಜಾಸ್ತಿಯಾಗಿದ್ದು 13 ಗ್ರಾಂ ಮಾತ್ರ, 71 ಆಗಿತ್ತು. ಉಳಿದ 6 ಗ್ರಾಂ ಎಲ್ಲಿ ಹೋಯಿತು ಅಂತ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಚೊಂಯ್ ಅಂತ ಗುಳ್ಳೆ ಎದ್ದಿತಲ್ಲ, ಅದು ಹಪ್ಪಳದೊಳಗಿನ ನೀರು ಆವಿಯಾಗಿ ಹೋದದ್ದು. ಎಣ್ಣೆ ಗ್ರಾಂಗೆ 9 ಕ್ಯಾಲೊರಿ, ಹತ್ತು ಹಪ್ಪಳಕ್ಕೆ 171 ಕ್ಯಾಲೊರಿ ಎಣ್ಣೆಯದ್ದೇ ಆಯಿತು. ನನ್ನ ಪ್ಯಾಕೆಟ್ ಮೇಲಿರುವುದು ಕರಿಯದ ಹಪ್ಪಳದ ಲೆಕ್ಕ. ಕರಿಯದ ಹಪ್ಪಳವನ್ನು ನಮ್ಮ ಮೊಮ್ಮಗ ಬಿಟ್ಟರೆ ಇನ್ನಾರೂ ತಿನ್ನುವುದನ್ನು ನಾನು ಕಂಡಿಲ್ಲ.

ನೀರಿನ ವಿಷಯ ಬಂತು ಅಂತ ಹೇಳುತ್ತೇನೆ. ಪಟ್ಟಿಯಲ್ಲಿ ಮೊದಲ ಕಾಲಮ್ಮೇ ತೇವಾಂಶ. ಯಾಕೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ಬಿಸಿಲಲ್ಲಿ ಚಾಪೆ ಮೇಲೆ ಟಣ್ ಅನ್ನುವ ಹಾಗೆ ಒಣಗಿದ ಹಪ್ಪಳವೇ ಆಷಾಢದಲ್ಲಿ ಡಬ್ಬ ತೆರೆದರೆ ಮೆತ್ತಗಾಗಿರುತ್ತದೆ. ನೀರು ಕುಡಿದ ಹಪ್ಪಳದಲ್ಲಿ ನೂರು ಗ್ರಾಂ ತೂಗಿದರೆ ಹಲಸು ಅಷ್ಟು ಕಡಿಮೆ. ಗಟ್ಟಿ ತೊಳೆಯ ಬಕ್ಕೆ ಹಲಸಿಗೂ ಮೆತ್ತನೆ ತೊಳೆಯ ಅಂಬಲಿ ಹಲಸಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಹಾಗಾಗಿ ಯಾವ ಊರು, ಯಾವ ತಳಿ, ಯಾವ ತಿಂಗಳು ಅಂತ ಬರೆಯದ ಅಂಕಿ ಅರ್ಧ ಅಂಕಿ.

ಅಮೆರಿಕದವರು 1896ರಲ್ಲೇ ಇಂಥ ಪಟ್ಟಿ ಶುರು ಮಾಡಿದವರು. 2019ರಿಂದ ಅವರದ್ದೆಲ್ಲ ‘ಫುಡ್‌ಡೇಟಾ ಸೆಂಟ್ರಲ್’ ಅಂತ ಒಂದೇ ಕಡೆ ಕಂಪ್ಯೂಟರಿನಲ್ಲಿ ಸಿಗುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಳಸಬಹುದು, ಅಪ್ಪಣೆ ಕೇಳಬೇಕಾಗಿಲ್ಲ. ಅದಕ್ಕೇ ಏನಾಗಿದೆ ನೋಡಿ. ನಮ್ಮ ಮಕ್ಕಳ ಮೊಬೈಲಿನ ಆ್ಯಪ್‌ಗಳಲ್ಲಿ ಬ್ರೊಕೊಲಿ ಹುಡುಕಿದರೆ ತಕ್ಷಣ ಸಿಗುತ್ತದೆ. ಕಳಲೆ ಪಲ್ಯ ಹುಡುಕಿದರೆ ಯಾರೋ ತಮ್ಮ ಅಂದಾಜಿಗೆ ಬಂದಷ್ಟು ತುಂಬಿದ ಅಂಕಿ ಸಿಗುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಇದೆ. ಆಹಾರದ ಸಂಶೋಧನೆಗೆ ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ. ಇವರೆಲ್ಲ ಸೇರಿ ಮಲೆನಾಡಿನ ಐವತ್ತು ಪದಾರ್ಥ ಆರಿಸಿಕೊಳ್ಳಲಿ, ತಿನ್ನುವ ರೂಪದಲ್ಲೇ ಪರೀಕ್ಷೆ ಮಾಡಲಿ. ಕನ್ನಡದಲ್ಲಿ, ದುಡ್ಡಿಲ್ಲದೆ, ತಾರೀಖಿನ ಸಮೇತ ಎಲ್ಲರಿಗೂ ಸಿಗುವ ಕಡೆ ಹಾಕಲಿ. ತಪ್ಪು ಕಂಡರೆ ತಿದ್ದಲು ಒಬ್ಬರನ್ನು ಸಂಬಳ ಕೊಟ್ಟು ಕೂರಿಸಲಿ. ಈ ಕೊನೆಯದ್ದನ್ನೇ ಎಲ್ಲರೂ ಮರೆಯುವುದು. ಪಟ್ಟಿ ಬಿಡುಗಡೆ ದಿನ ಹಾರ, ಭಾಷಣ ಎಲ್ಲ ಇರುತ್ತದೆ. ಐದು ವರ್ಷದ ಮೇಲೆ ಆ ಪುಟ ತೆರೆದರೆ ತೆರೆಯುವುದೇ ಇಲ್ಲ. ಉಪ್ಪಿನಕಾಯಿ ಭರಣಿ ಇದ್ದ ಹಾಗೆ ಅದು. ಹಾಕಿದ ಮೇಲೂ ಆಗಾಗ ಬಾಯಿ ಬಿಚ್ಚಿ, ಒಣಗಿದ ಸೌಟು ಹಾಕಿ, ನೋಡುತ್ತಿರಬೇಕು.

ಮುಂದಿನ ಏಪ್ರಿಲ್‌ಗೆ ಬಕ್ಕೆಯದ್ದು, ಅಂಬಲಿಯದ್ದು ಎರಡೂ ಹಪ್ಪಳ ಬೇರೆ ಬೇರೆ ಡಬ್ಬದಲ್ಲಿ ತೆಗೆದಿಟ್ಟಿರುತ್ತೇನೆ. ಯಾವ ಮರದ್ದು, ಯಾವತ್ತು ಒಣಗಿಸಿದ್ದು ಅಂತ ಚೀಟಿಯನ್ನೂ ಅಂಟಿಸಿರುತ್ತೇನೆ. ಯಾರಾದರೂ ಸ್ಯಾಂಪಲ್ ಬೇಕು ಅಂತ ಬಂದರೆ ದುಡ್ಡು ಕೊಡುವುದು ಬೇಡ. ಡಬ್ಬ ಮಾತ್ರ ವಾಪಸ್ ಕೊಡಬೇಕು.

ಇತಿ,
ಹಪ್ಪಳ ಮಾಡುವ ಒಬ್ಬ ಓದುಗಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ