ಉತ್ತಂಗಿ ಪಾದ್ರಿಗಳ ಜೋಳಿಗೆ

ಪ್ರಿಯ ಗೆಳೆಯ,

ಹಳ್ಳಿಗಾಡಿನ ಪಾದ್ರಿಯೊಬ್ಬರು ತೀರಿಕೊಂಡರೆ ಅವರ ಸಭೆಯ ನಾಲ್ಕು ಮನೆಗಳವರನ್ನು ಬಿಟ್ಟು ಬೇರೆ ಯಾರಿಗೆ ಏನು ಕಳೆದುಹೋಗುತ್ತದೆ ಎಂದು ನೀನು ಹಿಂದಿನ ಪತ್ರದಲ್ಲಿ ಕೇಳಿದ್ದೆ. ಓದಿದೊಡನೆ ನನಗೆ ನೆನಪಾದವರು, 1962ರ ಆಗಸ್ಟ್ 28ರಂದು ಎಂಬತ್ತು ದಾಟಿದ ವಯಸ್ಸಿನಲ್ಲಿ ಅಗಲಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಅವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನಕ್ಕೆ ಹೆಸರು ಕೊಟ್ಟ ಉತ್ತಂಗಿ ಇರುವುದು ಹೂವಿನಹಡಗಲಿಯ ಸೀಮೆಯಲ್ಲಿ. ಕ್ರೈಸ್ತ ಧರ್ಮಪ್ರಚಾರಕ್ಕೆ ಯುರೋಪಿನಿಂದ ಬಂದ ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ದೇವಶಾಸ್ತ್ರ ಕಲಿತು, ಅದೇ ಮಿಶನ್ನಿನ ಸೇವೆಗೆ ಸೇರಿದರು. 1894ರಲ್ಲಿ ಕನ್ನಡ ನಿಘಂಟನ್ನು ಹೊರತಂದ ಕಿಟ್ಟೆಲರೂ ಆ ಮಿಶನ್ನಿಗೆ ಸೇರಿದವರೇ. ದೂರದೇಶದಿಂದ ಬಂದು ನಮ್ಮ ಭಾಷೆ ಕಲಿತವರನ್ನು ನಾವು ಬಾಯಿತುಂಬ ಹೊಗಳುತ್ತೇವೆ. ತಾಯಿಯ ಎದೆಹಾಲಿನೊಂದಿಗೇ ಕನ್ನಡ ಕುಡಿದ ಈ ದೇಶೀ ಪಾದ್ರಿಯನ್ನು ಮಾತ್ರ ಅಷ್ಟು ನೆನೆಯುವುದಿಲ್ಲ. ಇದು ನನಗೆ ಬಹಳ ದಿನದ ಬೇಸರ.

ಸುವಾರ್ತೆ ಸಾರಲು ಹಳ್ಳಿಗೆ ಹೋದವನು ಕೊಡಲು ಬಂದವನಂತೆ ನಿಲ್ಲುವುದು ಸಹಜ. ಚನ್ನಪ್ಪನವರು ಬೇಡಲೂ ಹೋದರು. ರೈತರ ನಾಲಗೆಯ ಮೇಲೆ ಗಾದೆಯ ಹಾಗೆ ನಲಿಯುತ್ತಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೇಳಿ ಬರೆದುಕೊಂಡು, ಹಳೆಯ ಕೈಬರಹದ ಪ್ರತಿಗಳನ್ನು ಹುಡುಕಿ, ಒಂದರ ಪಾಠವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿ, ವಿಷಯಕ್ಕೆ ತಕ್ಕಂತೆ ಜೋಡಿಸಿ, 1924ರಲ್ಲಿ ಅಚ್ಚು ಹಾಕಿಸಿದರು. ಇದು ಸುಲಭದ ಕೆಲಸವಾಗಿರಲಿಲ್ಲ. ಯಾರು ಕಟ್ಟಿದ ಮೂರು ಸಾಲಿಗಾದರೂ ಕೊನೆಯಲ್ಲಿ ‘ಸರ್ವಜ್ಞ’ ಎಂದು ಅಂಟಿಸಿಬಿಡುವ ರೂಢಿ ನಮ್ಮ ಜನರಲ್ಲಿ ಇದ್ದದ್ದರಿಂದ, ಕಾಳು ಯಾವುದು ಜಳ್ಳು ಯಾವುದು ಎಂದು ತೂರಿ ನೋಡಬೇಕಿತ್ತು. ತೆಲುಗಿನ ವೇಮನನ ಪದ್ಯಗಳನ್ನು ಇಂಗ್ಲಿಷ್ ಅಧಿಕಾರಿ ಬ್ರೌನ್ ದೊರೆ ಕೂಡಿಸಿ ಅಚ್ಚು ಹಾಕಿಸಿದ ಹಾಗೆ, ನಮ್ಮ ಸರ್ವಜ್ಞನಿಗೆ ಆ ಕೆಲಸ ಮಾಡಿದವರು ಇವರು. ‘ತಿರುಳ್ಗನ್ನಡದ ತಿರುಕ’ ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡಿದೆ. ಊರೂರು ತಿರಿದು ಉಂಡ ಕವಿಯನ್ನು ಉಳಿಸಿದವರಿಗೆ ಅದಕ್ಕಿಂತ ಒಪ್ಪುವ ಬಿರುದು ನನಗೆ ತೋಚದು.

ಅಲ್ಲಿಗೇ ಅವರು ನಿಲ್ಲಲಿಲ್ಲ. ಮೋಳಿಗೆಯ ಮಾರಯ್ಯ, ಸಿದ್ಧರಾಮ ಮೊದಲಾದ ಶರಣರ ವಚನಗಳ ಸಂಪಾದನೆಯಲ್ಲಿ ತೊಡಗಿದರು. ಅನುಭವ ಮಂಟಪವೆಂಬುದು ಇತ್ತೇ ಎಂದು ಕೆಲವರು ಸಂಶಯ ಎತ್ತಿದಾಗ, ಇತ್ತು ಎಂದು ಆಧಾರಗಳನ್ನಿಟ್ಟು ವಾದಿಸಿದವರಲ್ಲಿ ಕ್ರಿಸ್ತನ ಸಭೆಯ ಈ ಪಾದ್ರಿಯೂ ಒಬ್ಬರು ಎಂಬುದನ್ನು ಸ್ವಲ್ಪ ನಿಂತು ಯೋಚಿಸು. ಬಸವಣ್ಣನನ್ನು ಮೆಚ್ಚಿದ್ದಕ್ಕೆ ಅವರು ಕ್ರಿಸ್ತನನ್ನು ಬಿಡಲಿಲ್ಲ. ಕ್ರಿಸ್ತನನ್ನು ನಂಬಿದ್ದಕ್ಕೆ ಬಸವಣ್ಣನಿಗೆ ಬೆನ್ನು ತಿರುಗಿಸಲೂ ಇಲ್ಲ. ಎರಡೂ ಕಡೆಯ ಕಟ್ಟುನಿಟ್ಟಿನವರಿಗೆ ಇದರಿಂದ ಇರುಸುಮುರುಸಾಗಿರಲು ಸಾಕು.

1949ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಈ ಪಾದ್ರಿಗಳೇ. ಆ ಊರು ಆಗಿನ್ನೂ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕನ್ನಡನಾಡು ಒಂದಾಗಲು ಇನ್ನೂ ಏಳು ವರ್ಷ ಕಾಯಬೇಕಿತ್ತು. ಒಂದಾದದ್ದನ್ನು ಕಣ್ಣಾರೆ ಕಂಡೇ ಅವರು ಹೋದರು.

ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ: ಸಭೆಯವರು ತಮ್ಮ ಹಿರಿಯರನ್ನು ಕಳೆದುಕೊಂಡರು, ತ್ರಿಪದಿಯನ್ನು ಬಾಯಿಪಾಠ ಮಾಡಿದ ಶಾಲೆಯ ಹುಡುಗರು ಮಾತ್ರ ಯಾರನ್ನು ಕಳೆದುಕೊಂಡೆವೆಂದು ಅರಿಯದೆಯೇ ಮರುದಿನವೂ ಅದನ್ನು ಒಪ್ಪಿಸಿದರು. ದೀಪಾವಳಿಗೆ ನೀನು ಊರಿಗೆ ಬಂದಾಗ ಹಡಗಲಿಯ ಕಡೆ ಹೋಗಿಬರೋಣ. ಹೊತ್ತು ಉಳಿದರೆ ಮೈಲಾರಕ್ಕೂ ಹೋಗಬಹುದು, ಅದೂ ಅದೇ ತಾಲೂಕು.

ಇಂತಿ ನಿನ್ನ ಗೆಳೆಯ